ಅಮೆರಿಕದ ಹಳ್ಳಿ ಕೌಂಟಿಗಳಲ್ಲಿ ಯಾರ ಮನೇಲಿ ಯಾವ ಭಾಷೆ: ಸೆನ್ಸಸ್ ಬ್ಯೂರೋದ ಭಾಷಾ ಟೇಬಲ್‌ಗಳ ರಿವ್ಯೂ

ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅನ್ನೋದನ್ನ ಕೆಳಗೆ ಉದ್ದಕ್ಕೆ ಬರ್ದಿದೀನಿ, ಟೈಮ್ ಇದ್ದವರು ಪೂರ್ತಿ ಓದಿ. ನಾನು ರಿವ್ಯೂ ಮಾಡ್ತಿರೋದು ಅಮೆರಿಕದ ಸೆನ್ಸಸ್ ಬ್ಯೂರೋದವರು ಫ್ರೀಯಾಗಿ ಕೊಡೋ ಡೇಟಾ ಸರ್ವಿಸ್‌ನ, ಅದ್ರಲ್ಲೂ ಜನ ಮನೇಲಿ ಯಾವ ಭಾಷೆ ಮಾತಾಡ್ತಾರೆ, ಇಂಗ್ಲಿಷ್ ಎಷ್ಟರಮಟ್ಟಿಗೆ ಬರುತ್ತೆ ಅನ್ನೋ ಟೇಬಲ್‌ಗಳನ್ನ. ನ್ಯೂಯಾರ್ಕ್, ಚಿಕಾಗೋ ಥರದ ಊರುಗಳಿಗೆ ಇದು ಹೇಗಿದೆ ಅಂತ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳ್ತಿರೋದು ಹಳ್ಳಿ ಕೌಂಟಿಗಳ ಬಗ್ಗೆ (ಕೌಂಟಿ ಅಂದ್ರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ ಥರ), ಜೋಳದ ಹೊಲ, ಒಂದು ಆಸ್ಪತ್ರೆ, ಒಂದು ಲೈಬ್ರರಿ, ಮೂರ್ನಾಲ್ಕು ಸ್ಕೂಲು ಇರೋ ಅಂಥ ಜಾಗಗಳು. ನಾನಿರೋದು ಒಹಾಯೊದಲ್ಲಿ, ಲೈಬ್ರರೀಲಿ ಇಂಗ್ಲಿಷ್ ಕಲಿಯೋಕೆ ಬರೋರ ಜೊತೆ ಕೂತು ಮಾತಾಡೋ ವಾಲಂಟಿಯರ್ ಕೆಲಸ ಮಾಡ್ತೀನಿ, ಹಾಗಾಗಿ ಈ ಟೇಬಲ್‌ಗಳು ನನಗೆ ದಿನನಿತ್ಯದ ಸಾಮಾನು. ನಮ್ಮವರು ಎಷ್ಟೋ ಡಾಕ್ಟರ್‌ಗಳು ಜೆ-1 ವೇವರ್ (ತರಬೇತಿ ಮುಗಿದ್ಮೇಲೆ ಸ್ವದೇಶಕ್ಕೆ ವಾಪಸ್ ಹೋಗ್ಬೇಕು ಅನ್ನೋ ವೀಸಾ ಷರತ್ತಿಂದ ವಿನಾಯಿತಿ) ತಗೊಂಡು ಇಂಥ ಕೌಂಟಿಗಳಿಗೇ ಬಂದು ಮೂರು ವರ್ಷ ಕೆಲಸ ಮಾಡ್ತಾರಲ್ಲ, ಅವ್ರಿಗೂ ಅವರ ಮನೆಯವ್ರಿಗೂ ಇದು ಉಪಯೋಗಕ್ಕೆ ಬರುತ್ತೆ ಅಂತ ಬರೀತಿದೀನಿ.

ಮೊದಲು ಒಂದು ವಿಷಯ ಕ್ಲಿಯರ್ ಮಾಡ್ಕೊಳ್ಳಿ. ಹತ್ತು ವರ್ಷಕ್ಕೊಮ್ಮೆ ಆಗೋ ಜನಗಣತೀಲಿ ಈಗ ಭಾಷೆ ಪ್ರಶ್ನೆನೇ ಇಲ್ಲ. 2000ದ ತನಕ ಲಾಂಗ್ ಫಾರ್ಮ್ ಅಂತ ಒಂದಿತ್ತು, ಕೆಲವು ಮನೆಗಳಿಗೆ ಮಾತ್ರ ಉದ್ದನೆ ಪ್ರಶ್ನೆಪಟ್ಟಿ ಹೋಗ್ತಿತ್ತು, ಅದ್ರಲ್ಲಿ ಭಾಷೆ ಇತ್ತು. ಆಮೇಲೆ ಅದನ್ನ ನಿಲ್ಲಿಸಿ ಅಮೆರಿಕನ್ ಕಮ್ಯುನಿಟಿ ಸರ್ವೆ ಅಂತ ಪ್ರತಿ ವರ್ಷ ನಡೆಯೋ ಸರ್ವೆಗೆ ಹಾಕಿದ್ರು, 2005ರಿಂದ ಅದು ದೇಶದ ಎಲ್ಲಾ ಕೌಂಟಿಗಳಲ್ಲೂ ನಡೀತಿದೆ, ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳಿಗೆ ಫಾರ್ಮ್ ಹೋಗುತ್ತೆ. ಭಾಷೆ ಬಗ್ಗೆ ಇರೋದು ಮೂರೇ ಪ್ರಶ್ನೆ, 1980ರಿಂದ ಹೆಚ್ಚುಕಮ್ಮಿ ಅದೇ ಮೂರು. ಈ ವ್ಯಕ್ತಿ ಮನೇಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಮಾತಾಡ್ತಾರಾ, ಹೌದು ಅಂದ್ರೆ ಯಾವುದು ಆ ಭಾಷೆ, ಮತ್ತೆ ಇಂಗ್ಲಿಷ್ ಎಷ್ಟು ಚೆನ್ನಾಗಿ ಮಾತಾಡ್ತಾರೆ. ಕೊನೇದಕ್ಕೆ ನಾಲ್ಕು ಆಯ್ಕೆ: ವೆರಿ ವೆಲ್, ವೆಲ್, ನಾಟ್ ವೆಲ್, ನಾಟ್ ಅಟ್ ಆಲ್. ಐದು ವರ್ಷ ತುಂಬಿದವರ ಬಗ್ಗೆ ಮಾತ್ರ ಕೇಳ್ತಾರೆ. ನಲವತ್ತು ವರ್ಷಕ್ಕೂ ಮೇಲೆ ಅದೇ ಪ್ರಶ್ನೆ ಇಟ್ಕೊಂಡಿರೋದು ದೊಡ್ಡ ಪ್ಲಸ್ ಪಾಯಿಂಟ್ ಅಂತೀನಿ ನಾನು, ಯಾಕಂದ್ರೆ ಹಳೇದಕ್ಕೂ ಹೊಸದಕ್ಕೂ ಹೋಲಿಸಿ ನೋಡಬಹುದು. 1980ರಲ್ಲಿ ಇಡೀ ದೇಶದಲ್ಲಿ ಮನೇಲಿ ಬೇರೆ ಭಾಷೆ ಆಡೋರು 2.31 ಕೋಟಿ, 2019ಕ್ಕೆ 6.78 ಕೋಟಿ. ಪ್ರಶ್ನೆನ ನಡುನಡುವೆ ಬದಲಾಯಿಸಿದ್ರೆ ಈ ಏರಿಕೆ ನಿಜವಾಗ್ಲೂ ಏರಿಕೆನಾ ಇಲ್ವಾ ಅಂತ ಹೇಳೋಕೇ ಆಗ್ತಿರಲಿಲ್ಲ.

ಸೈಟ್ ಬಗ್ಗೆ ಜಾಸ್ತಿ ಹೇಳಲ್ಲ. ಡೇಟಾ ಡಾಟ್ ಸೆನ್ಸಸ್ ಡಾಟ್ ಗವ್, 2019ರಲ್ಲಿ ಬಂದಿದ್ದು, ಅವರದ್ದೇ ಹಳೇ ಸೈಟ್ ಫ್ಯಾಕ್ಟ್‌ಫೈಂಡರ್‌ನ 2020ರಲ್ಲಿ ಮುಚ್ಚಿದ್ರು. ಲಾಗಿನ್ ಬೇಡ, ದುಡ್ಡು ಬೇಡ, ಎಕ್ಸೆಲ್‌ಗೆ ಇಳಿಸ್ಕೋಬಹುದು. ಸರ್ಚ್ ಬಾಕ್ಸ್‌ನಲ್ಲಿ ಸುಮ್ನೆ ಕೌಂಟಿ ಹೆಸರು ಮತ್ತೆ ಲ್ಯಾಂಗ್ವೇಜ್ ಅಂತ ಹಾಕಿದ್ರೆ ಬೇಕಾದ್ದು ಬೇಡದ್ದು ಎಲ್ಲಾ ಬರುತ್ತೆ, ಅದಕ್ಕೆ ಟೇಬಲ್ ನಂಬರ್ ಗೊತ್ತಿಟ್ಕೊಳ್ಳೋದೇ ಒಳ್ಳೇದು. ಎಸ್1601 ಅಂದ್ರೆ ಸಾರಾಂಶ, ಅದ್ರಲ್ಲಿ ಭಾಷೆಗಳನ್ನ ನಾಲ್ಕೇ ಗುಂಪು ಮಾಡಿರ್ತಾರೆ: ಸ್ಪ್ಯಾನಿಶ್, ಬೇರೆ ಇಂಡೋ-ಯುರೋಪಿಯನ್, ಏಷ್ಯನ್ ಮತ್ತು ಪೆಸಿಫಿಕ್ ದ್ವೀಪಗಳ ಭಾಷೆಗಳು, ಇತರೆ. ಬಿ16001ರಲ್ಲಿ ನಲವತ್ತಕ್ಕೂ ಹೆಚ್ಚು ಸಾಲು. ಸಿ16001 ಅಂದ್ರೆ ಅದನ್ನೇ ಮಡಿಚಿ ಹನ್ನೆರಡು ಗುಂಪಿಗೆ ಇಳಿಸಿದ್ದು. ಬಿ16004ರಲ್ಲಿ ವಯಸ್ಸಿನ ಪ್ರಕಾರ ಸಿಗುತ್ತೆ. ಸಿ16002ರಲ್ಲಿ ಮನೆ ಲೆಕ್ಕ, ಅಂದ್ರೆ 14 ವರ್ಷ ತುಂಬಿದ ಒಬ್ರಿಗೂ ಇಂಗ್ಲಿಷ್ ವೆರಿ ವೆಲ್ ಬರದ ಮನೆಗಳು ಎಷ್ಟು ಅನ್ನೋದು. 2016ರಲ್ಲಿ ಭಾಷೆಗಳ ಪಟ್ಟಿನ ಪರಿಷ್ಕರಿಸಿದ್ರು, ಆವಾಗಿಂದ ಜನರ ಗೋಪ್ಯತೆ ಕಾರಣಕ್ಕೆ ಉದ್ದನೆ ಟೇಬಲ್‌ನ ಸಣ್ಣ ಜಾಗಗಳಿಗೆ ಕೊಡೋದು ಬಿಟ್ರು, ಹಳ್ಳಿ ಕಡೆಯವರ ಕೈಗೆ ಸಿಗೋದು ಈ ಹನ್ನೆರಡು ಗುಂಪಿನದ್ದು. ನನ್ನ ಪೂರ್ತಿ ರಿವ್ಯೂ ನಿಂತಿರೋದು ಈ ಮಡಿಚೋದ್ರ ಮೇಲೆ.

ಈಗ ಹೋಮ್ಸ್ ಕೌಂಟಿ. ಒಹಾಯೊದಲ್ಲಿ, ಮಿಲರ್ಸ್‌ಬರ್ಗ್ ಅದರ ಮುಖ್ಯ ಊರು, 2020ರ ಜನಗಣತೀಲಿ 44,223 ಜನ, ಅದ್ರಲ್ಲಿ ಹೆಚ್ಚುಕಮ್ಮಿ ಅರ್ಧ ಆಮಿಶ್ ಜನ, ಅಂದ್ರೆ ಹಳೇ ಪದ್ಧತೀಲೇ ಬದುಕೋ ಒಂದು ಕ್ರೈಸ್ತ ಪಂಗಡದವರು. ಕುದುರೆ ಗಾಡಿ, ಮನೆಗೆ ಕರೆಂಟ್ ಲೈನ್ ಇಲ್ಲ, ಅವರ ಬಗ್ಗೆ ಅಷ್ಟು ಎಲ್ರಿಗೂ ಗೊತ್ತು. ಭಾಷೆ ವಿಷ್ಯ ತುಂಬಾ ಜನಕ್ಕೆ ಗೊತ್ತಿಲ್ಲ. ಇವರ ಮನೆಮಾತು ಪೆನ್ಸಿಲ್ವೇನಿಯಾ ಡಚ್, ಹೆಸರಲ್ಲಿ ಡಚ್ ಇದ್ರೂ ಅದು ಜರ್ಮನ್ ಕಡೆಯ ಮಾತು, ಜರ್ಮನಿಯ ನೈಋತ್ಯ ಭಾಗದಿಂದ 1700ರ ದಶಕಗಳಲ್ಲಿ ಬಂದವರ ಜೊತೆ ಬಂದಿದ್ದು. ಚರ್ಚ್‌ನಲ್ಲಿ ಬೈಬಲ್ ಓದೋದು ಹಳೇ ಶಿಷ್ಟ ಜರ್ಮನ್‌ನಲ್ಲಿ. ಸ್ಕೂಲು, ವ್ಯಾಪಾರ, ಡಾಕ್ಟರ್ ಹತ್ರ ಮಾತು ಎಲ್ಲಾ ಇಂಗ್ಲಿಷ್. ಮಗು ಸ್ಕೂಲಿಗೆ ಹೋಗೋ ತನಕ ಮನೇಲಿ ಕೇಳಿದ್ದೆಲ್ಲಾ ಬಹುಪಾಲು ಡಚ್, ಸ್ಕೂಲಿಗೆ ಸೇರಿದ್ಮೇಲೆ ಇಂಗ್ಲಿಷ್ ಕಲಿಯುತ್ತೆ, ಎಂಟನೇ ಕ್ಲಾಸಿಗೆ ಓದು ಮುಗಿಯುತ್ತೆ. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಯೋಡರ್ ಕೇಸಲ್ಲಿ ಎಂಟನೇ ಕ್ಲಾಸ್ ಆದ್ಮೇಲೆ ಇವರ ಮಕ್ಕಳನ್ನ ಸ್ಕೂಲಿಗೆ ಬರಲೇಬೇಕು ಅಂತ ಬಲವಂತ ಮಾಡೋ ಹಾಗಿಲ್ಲ ಅಂತ ಹೇಳ್ತು, ಆ ತೀರ್ಪಿನ ಮೇಲೇ ಈ ವ್ಯವಸ್ಥೆ ನಡೀತಿದೆ. ಮನೇಲಿ ಆಡೋದು ಡಚ್, ಆದ್ರೆ ಬರೆಯೋದು ಇಂಗ್ಲಿಷ್‌ನಲ್ಲೇ. ಪಕ್ಕದ ಟಸ್ಕರಾವಸ್ ಕೌಂಟಿಯ ಶುಗರ್‌ಕ್ರೀಕ್‌ನಿಂದ 1890ರಿಂದ ಬರ್ತಿರೋ ದಿ ಬಜೆಟ್ ಅನ್ನೋ ಪೇಪರ್‌ಗೆ ಬೇರೆ ಬೇರೆ ಊರಿನ ಆಮಿಶ್ ಜನ ತಮ್ಮೂರಿನ ಸುದ್ದಿ ಬರೆದು ಕಳಿಸ್ತಾರೆ, ಮಳೆ ಬೆಳೆ ಮದುವೆ ಸಾವು ಎಲ್ಲಾ, ಪೂರ್ತಿ ಇಂಗ್ಲಿಷ್‌ನಲ್ಲಿ.

ಇದನ್ನ ತಲೇಲಿ ಇಟ್ಕೊಂಡು ಟೇಬಲ್ ತೆಗೀರಿ. ಹೋಮ್ಸ್ ಕೌಂಟಿಗೆ ಬರೋ ನಂಬರ್ ನೋಡಿದ್ರೆ ಮೊದಲ ಸಲಕ್ಕೆ ಯಾರಿಗಾದ್ರೂ ಆಶ್ಚರ್ಯ ಆಗುತ್ತೆ, ವಲಸೆ ಬಂದವರು ಕಮ್ಮಿ ಇರೋ ಹಳ್ಳಿ ಕೌಂಟೀಲಿ ಹತ್ತಿರ ಹತ್ತಿರ ಅರ್ಧ ಜನ ಮನೇಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡ್ತಾರೆ. ಎಸ್1601ರಲ್ಲಿ ಇದು ಬರೀ ಬೇರೆ ಇಂಡೋ-ಯುರೋಪಿಯನ್ ಅಂತ ಇರುತ್ತೆ, ನಮ್ಮ ಹಿಂದಿ ಮರಾಠಿ ಗುಜರಾತಿನೂ ಅದೇ ಗುಂಪೇ, ಅದರಿಂದ ಏನೂ ತಿಳಿಯಲ್ಲ. ಸಿ16001ಕ್ಕೆ ಬಂದ್ರೆ ಜರ್ಮನ್ ಮತ್ತು ಇತರ ಪಶ್ಚಿಮ ಜರ್ಮಾನಿಕ್ ಅಂತ ಒಂದು ಗುಂಪು ಇದೆ, ಇಲ್ಲಿ ಚಿತ್ರ ಸ್ಪಷ್ಟ ಆಗುತ್ತೆ. ಮಡಿಚಿದ್ದು ಇಲ್ಲಿ ಉಪಕಾರನೇ ಮಾಡಿದೆ ಅನ್ನೋದು ನನ್ನ ಅಭಿಪ್ರಾಯ, ಯಾಕಂದ್ರೆ ಭಾಷೆ ಯಾವುದು ಅನ್ನೋ ಖಾಲಿ ಜಾಗದಲ್ಲಿ ಒಬ್ರು ಪೆನ್ಸಿಲ್ವೇನಿಯಾ ಡಚ್ ಅಂತ ಬರೀತಾರೆ, ಇನ್ನೊಬ್ರು ಜರ್ಮನ್ ಅಂತಾರೆ, ಮತ್ತೊಬ್ರು ಬರೀ ಡಚ್ ಅಂತಾರೆ, ಬೇರೆ ಬೇರೆ ಸಾಲಲ್ಲಿ ಹಾಕಿದ್ರೆ ಒಂದೇ ಊರಿನ ಒಂದೇ ಮಾತು ಮೂರು ಪಾಲಾಗಿ ಹೋಗುತ್ತೆ. ಮೂರೂ ಪಶ್ಚಿಮ ಜರ್ಮಾನಿಕ್ ಗುಂಪಿಗೇ ಸೇರೋದ್ರಿಂದ ಇಲ್ಲಿ ಒಟ್ಟಿಗೆ ಸಿಗುತ್ತೆ. ಇಂಡಿಯಾನಾದ ಆಡಮ್ಸ್ ಕೌಂಟಿಗೆ ಹೋದ್ರೆ ಮಾತ್ರ ಹುಷಾರು, ಅಲ್ಲಿನ ಆಮಿಶ್ ಜನ ಆಡೋದು ಸ್ವಿಸ್ ಜರ್ಮನ್, ಹೋಮ್ಸ್‌ನವರ ಮಾತೇ ಬೇರೆ ಅವರ ಮಾತೇ ಬೇರೆ, ಟೇಬಲ್‌ಗೆ ಆ ವ್ಯತ್ಯಾಸ ಗೊತ್ತಾಗಲ್ಲ.

ಇಂಗ್ಲಿಷ್ ಎಷ್ಟು ಬರುತ್ತೆ ಅನ್ನೋ ಕಾಲಂ ಇನ್ನೂ ಇಂಟರೆಸ್ಟಿಂಗ್. ವೆರಿ ವೆಲ್‌ಗಿಂತ ಕೆಳಗಿರೋರು ಅಂತ ಒಟ್ಟು ಸಂಖ್ಯೆ ನೋಡಿ ಅಯ್ಯೋ ಈ ಕೌಂಟೀಲಿ ಇಷ್ಟು ಜನಕ್ಕೆ ದುಭಾಷಿ ಬೇಕಾ ಅಂತ ಗಾಬರಿ ಆಗೋ ಮುಂಚೆ ಬಿ16004 ತೆಗೆದು ವಯಸ್ಸು ನೋಡಿ. 5ರಿಂದ 17, 18ರಿಂದ 64, 65ರ ಮೇಲೆ ಅಂತ ಮೂರು ಭಾಗ ಇರುತ್ತೆ. ಆಮಿಶ್ ಮನೆಗಳಲ್ಲಿ ಮಕ್ಕಳು ಜಾಸ್ತಿ, ಐದಾರು ವರ್ಷದ ಮಗುವಿಗೆ ಇಂಗ್ಲಿಷ್ ಅಷ್ಟು ಬರಲ್ಲ ಅಂತ ಅಪ್ಪ ಅಮ್ಮ ಪ್ರಾಮಾಣಿಕವಾಗಿ ಗುರುತು ಹಾಕಿರ್ತಾರೆ, ಅದೇ ಮಗು ಹತ್ತು ವರ್ಷಕ್ಕೆ ಎರಡೂ ಭಾಷೆ ಸಲೀಸಾಗಿ ಆಡುತ್ತೆ. ಅಂದ್ರೆ ಆ ಸಂಖ್ಯೇಲಿ ಒಂದು ಪಾಲು ಬೆಳೀತಾ ಬೆಳೀತಾ ತಾನೇ ಸರಿಹೋಗೋ ಅಂಥದ್ದು. ಹೊಸದಾಗಿ ದೇಶಕ್ಕೆ ಬಂದ ನಲವತ್ತು ವರ್ಷದ ಕೂಲಿ ಕಾರ್ಮಿಕನ ನಾಟ್ ವೆಲ್ಲೂ ಈ ಮಗುವಿನ ನಾಟ್ ವೆಲ್ಲೂ ಟೇಬಲ್‌ನಲ್ಲಿ ಒಂದೇ ಥರ ಕಾಣುತ್ತೆ. ವಯಸ್ಸಿನ ಟೇಬಲ್ ಇಲ್ದೇ ಹೋಗಿದ್ರೆ ನಾನು ಮೂರೇ ಸ್ಟಾರ್ ಕೊಡ್ತಿದ್ದೆ.

ಈಗ ಸ್ಟಾರ್ ಕಟ್ ಆಗೋ ಜಾಗ. ಮಿನೆಸೋಟಾದ ನೋಬಲ್ಸ್ ಕೌಂಟಿ, ವರ್ದಿಂಗ್‌ಟನ್ ಅಂತ ಊರು, ಇಡೀ ಕೌಂಟಿಗೆ ಇಪ್ಪತ್ತೆರಡು ಸಾವಿರ ಚಿಲ್ಲರೆ ಜನ. ಸುತ್ತ ಸೋಯಾ ಮತ್ತೆ ಜೋಳ, ಊರಲ್ಲಿ ದೊಡ್ಡ ಹಂದಿಮಾಂಸದ ಫ್ಯಾಕ್ಟರಿ, ಆ ಫ್ಯಾಕ್ಟರಿ ಕೆಲಸಕ್ಕೆ ಅಂತ ಮೊದಲು ಲಾವೋಸ್‌ನವರು, ಆಮೇಲೆ ಮೆಕ್ಸಿಕೋ ಗ್ವಾಟೆಮಾಲಾದವರು, ಇಥಿಯೋಪಿಯಾದವರು, ಬರ್ಮಾದಿಂದ ಕರೆನ್ ಜನ, ಹೀಗೆ ಬಂದು ನೆಲೆಸಿದಾರೆ. ಕ್ಯಾನ್ಸಾಸ್‌ನ ಗಾರ್ಡನ್ ಸಿಟಿ ಕಡೇನೂ ಇದೇ ಕಥೆ, ಮಾಂಸದ ಫ್ಯಾಕ್ಟರಿಗಳು ಹಳ್ಳಿಗೆ ಬಂದ್ವು, ಹಿಂದೆನೇ ಹತ್ತಾರು ಭಾಷೆಗಳೂ ಬಂದ್ವು. ಈಗ ಅಂಥ ಊರಿನ ಆಸ್ಪತ್ರೆ ಮ್ಯಾನೇಜರ್ ಆಗಿ ಯೋಚ್ನೆ ಮಾಡಿ, ನಿಮಗೆ ಬೇಕಾಗಿರೋದು ಯಾವ ಭಾಷೆಯ ದುಭಾಷಿನ ಮೊದಲು ನೇಮಿಸ್ಕೋಬೇಕು ಅನ್ನೋದು. ಟೇಬಲ್ ಏನು ಹೇಳುತ್ತೆ? ಸ್ಪ್ಯಾನಿಶ್‌ಗೆ ಅದರದ್ದೇ ಸಾಲು ಇದೆ, ಸರಿ. ಕರೆನ್, ಲಾವೋ ಎರಡೂ ಇತರ ಏಷ್ಯನ್ ಮತ್ತು ಪೆಸಿಫಿಕ್ ದ್ವೀಪಗಳ ಭಾಷೆಗಳು ಅನ್ನೋ ಒಂದೇ ಡಬ್ಬಿಗೆ. ಅಮ್ಹಾರಿಕ್, ಒರೊಮೊ ಎರಡೂ ಇತರೆ ಮತ್ತು ನಮೂದಿಸದ ಭಾಷೆಗಳು ಅನ್ನೋದಕ್ಕೆ. ಕರೆನ್ ಗೊತ್ತಿರೋ ದುಭಾಷಿ ಲಾವೋ ಅಜ್ಜಿಗೆ ಏನು ಸಹಾಯ ಮಾಡ್ತಾರೆ ಹೇಳಿ. ಲಾವೋ ಜನ ಬಂದು ದಶಕಗಳೇ ಆಯ್ತು, ಅವರ ಮಕ್ಕಳು ಮೊಮ್ಮಕ್ಕಳು ಇಲ್ಲೇ ಓದಿದವರು, ಕರೆನ್ ಜನ ಈಚೆಗೆ ಬಂದವರು, ಇಬ್ಬರ ಅಗತ್ಯನೂ ಬೇರೆ, ಆದ್ರೆ ಆ ಡಬ್ಬೀಲಿ ಇಬ್ಬರ ಸರಾಸರಿ ಸಿಗುತ್ತೆ, ಅದು ಇಬ್ರಿಗೂ ಹೊಂದಲ್ಲ. ಗ್ವಾಟೆಮಾಲಾದಿಂದ ಬಂದವರಲ್ಲಿ ಮಾಮ್, ಕಿಚೆ ಥರದ ಮಾಯಾ ಭಾಷೆಗಳನ್ನ ಮನೇಲಿ ಆಡೋರಿದ್ದಾರೆ, ಅವಕ್ಕೂ ಈ ಹನ್ನೆರಡರಲ್ಲಿ ಸ್ವಂತ ಸಾಲಿಲ್ಲ. ಸ್ಪ್ಯಾನಿಶ್ ದುಭಾಷಿ ಬಂದು ಕೂತ್ರೂ ಆ ತಾಯಿಗೆ ಅರ್ಧಂಬರ್ಧ ಮಾತ್ರ ಅರ್ಥ ಆಗುತ್ತೆ.

ಇದಕ್ಕಿಂತ ನನಗೆ ಬೇಜಾರಾಗಿದ್ದು ಅರಿಜೋನಾದ ಅಪಾಚಿ ಕೌಂಟಿ ನೋಡಿ. ನವಾಹೋ ನೇಷನ್ ಅಂದ್ರೆ ನವಾಹೋ ಮೂಲನಿವಾಸಿಗಳ ಸ್ವಂತ ಆಡಳಿತದ ಪ್ರದೇಶ, ಅದರ ದೊಡ್ಡ ಭಾಗ ಅಲ್ಲೇ ಇರೋದು. 2000ದ ಸೆನ್ಸಸ್‌ನಲ್ಲಿ ಆ ಕೌಂಟಿಯ ಅರ್ಧಕ್ಕಿಂತ ಹೆಚ್ಚು ಜನ ಮನೇಲಿ ನವಾಹೋ ಆಡ್ತಿದ್ರು. ಉದ್ದನೆ ಟೇಬಲ್‌ನಲ್ಲಿ ನವಾಹೋಗೆ ಅದರದ್ದೇ ಸಾಲು ಇದೆ, ಆದ್ರೆ ಹನ್ನೆರಡಕ್ಕೆ ಮಡಿಚಿದಾಗ ಅದೂ ಹೋಗಿ ಇತರೆಗೆ ಸೇರ್ಕೊಳ್ಳುತ್ತೆ. ಅದೇ ನೆಲದ ಭಾಷೆ, ಇಂಗ್ಲಿಷ್ ಸ್ಪ್ಯಾನಿಶ್ ಎರಡೂ ಬರೋ ಮುಂಚಿಂದ ಅಲ್ಲಿರೋದು, ಅಲ್ಲಿನ ಟೇಬಲ್‌ನಲ್ಲೇ ಇತರೆ ಅಂತ ಬರೋದು ಸರಿ ಅಲ್ಲ. ಗೋಪ್ಯತೆ ಕಾರಣ ಅರ್ಥ ಆಗುತ್ತೆ, ಹತ್ತು ಜನ ಇರೋ ಭಾಷೆನ ಬಿಡಿಸಿ ತೋರ್ಸಿದ್ರೆ ಯಾರು ಅಂತ ಗೊತ್ತಾಗ್ಬಿಡುತ್ತೆ, ಒಪ್ತೀನಿ. ಆದ್ರೆ ಸಾವಿರಾರು ಜನ ಆಡೋ ಭಾಷೆಗೆ ಆ ಭಯ ಇಲ್ವಲ್ಲ. ಪ್ರತಿ ಕೌಂಟೀಲೂ ಒಂದೇ ಹನ್ನೆರಡು ಗುಂಪು ಅನ್ನೋ ಬದಲು ಆ ಕೌಂಟಿಯ ಮೊದಲ ಐದು ಭಾಷೆ ಯಾವುದೋ ಅದಕ್ಕೆ ಸಾಲು ಕೊಟ್ರೆ ಹಳ್ಳಿಯವರಿಗೆ ಎಷ್ಟೋ ಅನುಕೂಲ. ಕಟ್ ಆಗಿದ್ದು ಇದೇ ಒಂದು ಸ್ಟಾರ್.

ಟೆಕ್ಸಾಸ್‌ನಲ್ಲಿ ಸ್ಟಾರ್ ಅನ್ನೋ ಹೆಸರಿನದ್ದೇ ಒಂದು ಕೌಂಟಿ ಇದೆ, ಅಲ್ಲಿ ಈ ತೊಂದ್ರೆ ಏನೂ ಇಲ್ಲ, ರಿಯೋ ಗ್ರಾಂಡೆ ನದಿ ದಡದ ಗಡಿ ಕೌಂಟಿ, ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನ ಮನೇಲಿ ಸ್ಪ್ಯಾನಿಶ್, ಟೇಬಲ್ ನೋಡಿದ ಕೂಡ್ಲೆ ಅರ್ಥ ಆಗುತ್ತೆ. ಅಲ್ಲಿ ಹೆಚ್ಚಿನ ಜನ ಅಮೆರಿಕದಲ್ಲೇ ಹುಟ್ಟಿದವರು ಅನ್ನೋದನ್ನ ಮಾತ್ರ ಮರೀಬೇಡಿ, ಬೇರೆ ಭಾಷೆ ಆಡೋರೆಲ್ಲಾ ಹೊರಗಿಂದ ಬಂದವರು ಅನ್ನೋ ಲೆಕ್ಕ ಹೋಮ್ಸ್‌ನಲ್ಲೂ ಇಲ್ಲ, ಅಪಾಚೀಲೂ ಇಲ್ಲ, ಇಲ್ಲೂ ಇಲ್ಲ.

ಇನ್ನು ಮಾರ್ಜಿನ್ ಆಫ್ ಎರರ್, ಅಂದ್ರೆ ಅಂದಾಜು ಎಷ್ಟು ಹೆಚ್ಚುಕಮ್ಮಿ ಆಗಿರಬಹುದು ಅನ್ನೋ ಲೆಕ್ಕ. ದಯವಿಟ್ಟು ಇದನ್ನ ಸ್ಕಿಪ್ ಮಾಡ್ಬೇಡಿ, ಹಳ್ಳಿ ಕೌಂಟಿಗೆ ಇದೇ ಪ್ರಾಣ. 65,000ಕ್ಕಿಂತ ಕಮ್ಮಿ ಜನ ಇರೋ ಕಡೆಗೆ ಈ ಟೇಬಲ್‌ಗಳ ಒಂದು ವರ್ಷದ ಅಂದಾಜು ಕೊಡಲ್ಲ, ಐದು ವರ್ಷದ ಉತ್ತರಗಳನ್ನ ಒಟ್ಟುಗೂಡಿಸಿ ಕೊಡ್ತಾರೆ. ಅದು ಸರಿಯಾದ ಕ್ರಮನೇ, ಇಲ್ಲಾಂದ್ರೆ ಕೈಯಲ್ಲಿ ಎಣಿಸೋ ಅಷ್ಟು ಫಾರ್ಮ್ ಇಟ್ಕೊಂಡು ಇಡೀ ಕೌಂಟಿ ಬಗ್ಗೆ ಹೇಳ್ಬೇಕಾಗುತ್ತೆ. ಆದ್ರೂ ಸಣ್ಣ ಭಾಷೆಗಳ ನಂಬರ್ ತುಂಬಾ ಅಲ್ಲಾಡುತ್ತೆ. ಪ್ರತಿ ನಂಬರ್ ಪಕ್ಕದಲ್ಲಿ ಪ್ಲಸ್ ಮೈನಸ್ ಅಂತ ಇನ್ನೊಂದು ನಂಬರ್ ಇರುತ್ತೆ, ಅದು 90 ಪರ್ಸೆಂಟ್ ಲೆಕ್ಕದ್ದು, ಅಂದ್ರೆ ನಿಜವಾದ ಸಂಖ್ಯೆ ಆ ಮಿತಿಯೊಳಗೇ ಇದೆ ಅನ್ನೋ ಭರವಸೆ 90 ಪರ್ಸೆಂಟ್. ಸುಮ್ನೆ ಉದಾಹರಣೆಗೆ, ಒಂದು ಭಾಷೆ ಗುಂಪಿಗೆ 40 ಅಂತಿದ್ದು ಪಕ್ಕದಲ್ಲಿ ಪ್ಲಸ್ ಮೈನಸ್ 45 ಅಂತಿದೆ ಅಂದ್ಕೊಳ್ಳಿ, ಹಂಗಂದ್ರೆ ಆ ಕೌಂಟೀಲಿ ಅವರು ಇಲ್ದೇನೂ ಇರಬಹುದು, ಎಂಬತ್ತು ಜನನೂ ಇರಬಹುದು. ಅಂಥ ನಂಬರ್ ಮೇಲೆ ಗ್ರಾಂಟ್ ಅರ್ಜಿ ಬರೀಬೇಡಿ. ಮಾರ್ಜಿನ್‌ನ 1.645ರಿಂದ ಭಾಗಿಸಿ, ಬಂದಿದ್ದನ್ನ ಅಂದಾಜಿನಿಂದ ಭಾಗಿಸಿ, 0.3ಕ್ಕಿಂತ ಜಾಸ್ತಿ ಬಂತು ಅಂದ್ರೆ ನಾನು ಆ ಸಾಲನ್ನ ಪಕ್ಕಕ್ಕಿಟ್ಟು ಗುಂಪುಗಳನ್ನ ಕೂಡಿಸಿ ನೋಡ್ತೀನಿ. ಅಂದಾಜು ಸೊನ್ನೆ ಅಂತ ಬಂದ್ರೂ ಯಾರೂ ಇಲ್ಲ ಅಂತಲ್ಲ, ಫಾರ್ಮ್ ಹೋದ ಮನೆಗಳಲ್ಲಿ ಯಾರೂ ಸಿಕ್ಕಿಲ್ಲ ಅಷ್ಟೇ, ಸೊನ್ನೆ ಪಕ್ಕದಲ್ಲೂ ಮಾರ್ಜಿನ್ ಇರುತ್ತೆ ನೋಡಿ. ಇನ್ನೊಂದು, ಐದು ವರ್ಷದ್ದು ಸೇರಿಸಿರೋದ್ರಿಂದ ಹೋದ ವರ್ಷ ಫ್ಯಾಕ್ಟರಿಗೆ ಅಂತ ಬಂದ ಇನ್ನೂರು ಜನ ಇದ್ರಲ್ಲಿ ಸರಿಯಾಗಿ ಕಾಣೋದೇ ಇಲ್ಲ, ಅದಕ್ಕೆ ಸ್ಕೂಲಿನವರನ್ನ ಕೇಳೋದೇ ಸರಿ, ಮಕ್ಕಳನ್ನ ಸೇರಿಸ್ಕೊಳ್ಳೋವಾಗ ಮನೆಭಾಷೆ ಕೇಳಿ ಬರ್ಕೊಂಡಿರ್ತಾರೆ, ಊರಿಗೆ ಹೊಸ ಭಾಷೆ ಬಂದಿದ್ದು ಮೊದಲು ಗೊತ್ತಾಗೋದು ಅವ್ರಿಗೇ.

ಕೇಳದೇ ಬಿಟ್ಟಿರೋದರ ಬಗ್ಗೆನೂ ಹೇಳ್ಬೇಕು. ಕೇಳೋದು ಮಾತಾಡೋದನ್ನ ಮಾತ್ರ. ಓದೋಕೆ ಬರೆಯೋಕೆ ಬರುತ್ತಾ ಅಂತ ಕೇಳಲ್ಲ, ಇಂಗ್ಲಿಷ್ ಆಗ್ಲಿ ಮನೆಭಾಷೆ ಆಗ್ಲಿ. ಲೈಬ್ರರೀಲಿ ನನ್ನ ಜೊತೆ ಕೂರೋರಲ್ಲಿ ಫೋನಲ್ಲಿ ಚೆನ್ನಾಗೇ ಮಾತಾಡೋರು ಔಷಧಿ ಚೀಟಿ ಓದೋಕೆ ಒದ್ದಾಡ್ತಾರೆ, ಪಾತ್ರೆ ತೊಳೆಯೋ ಕೆಲಸದಲ್ಲಿ ಬಾಯಿಮಾತಿಗೆ ಇಂಗ್ಲಿಷ್ ಕಲ್ತಿರ್ತಾರೆ, ಅಕ್ಷರ ಯಾರೂ ಹೇಳ್ಕೊಟ್ಟಿರಲ್ಲ. ಇನ್ನು ಫಾರ್ಮ್ ತುಂಬೋದು ಮನೇಲಿ ಯಾರೋ ಒಬ್ರು, ಎಲ್ಲರ ಪರವಾಗಿ. ಅಜ್ಜಿಗೆ ಎಷ್ಟು ಬರುತ್ತೆ ಅನ್ನೋದನ್ನ ಹೇಳೋದು ಮಗ. ಹಾಗಂತ ಈ ಪ್ರಶ್ನೆ ಬರೀ ಅನಿಸಿಕೆ ಅಂತ ತಳ್ಳಿಹಾಕೋ ಹಾಗೂ ಇಲ್ಲ. 1982ರಲ್ಲಿ ಜನರಿಗೆ ನಿಜವಾಗ್ಲೂ ಇಂಗ್ಲಿಷ್ ಪರೀಕ್ಷೆ ಕೊಟ್ಟು ನೋಡಿ, ಆ ಫಲಿತಾಂಶದ ಮೇಲೇನೇ ವೆರಿ ವೆಲ್‌ಗಿಂತ ಕೆಳಗಿರೋರನ್ನ ಸಹಾಯ ಬೇಕಾಗಬಹುದಾದವರು ಅಂತ ಲೆಕ್ಕ ಹಾಕೋ ಪದ್ಧತಿ ಬಂದಿದ್ದು. ಆಸ್ಪತ್ರೆ, ಕೋರ್ಟು, ಎಲೆಕ್ಷನ್ ಇಂಥಾ ಕಡೆ ವೆಲ್ ಸಾಲದು ಅನ್ನೋದು ನನ್ನ ಅನುಭವಕ್ಕೂ ಹೊಂದುತ್ತೆ.

ಸಿ16002ರ ಮನೆ ಲೆಕ್ಕನ ಯಾರೂ ಅಷ್ಟಾಗಿ ನೋಡಲ್ಲ, ನೋಡಿ ಅಂತ ಕೈಮುಗಿದು ಕೇಳ್ಕೋತೀನಿ. ಅದ್ರಲ್ಲೊಂದು ಸೂಕ್ಷ್ಮ ಇದೆ. ಮನೇಲಿ ಹದಿನಾಲ್ಕು ತುಂಬಿದ ಒಬ್ಬ ಹುಡುಗಿಗೆ ಇಂಗ್ಲಿಷ್ ಚೆನ್ನಾಗಿ ಬಂದ್ರೆ ಸಾಕು, ಆ ಮನೆ ಸೀಮಿತ ಇಂಗ್ಲಿಷ್‌ನ ಮನೆಗಳ ಪಟ್ಟಿಯಿಂದ ಹೊರಗೆ ಹೋಗುತ್ತೆ. ಅಂದ್ರೆ ಒಂಬತ್ತನೇ ಕ್ಲಾಸಿನ ಹುಡುಗಿ ಸ್ಕೂಲಿಗೆ ಚಕ್ಕರ್ ಹಾಕಿ ಅಮ್ಮನ ಜೊತೆ ಕ್ಲಿನಿಕ್‌ಗೆ ಹೋಗಿ, ಅಮ್ಮನ ಗರ್ಭಕೋಶದ ತೊಂದ್ರೆನ ಡಾಕ್ಟರ್‌ಗೆ ಬಿಡಿಸಿ ಹೇಳೋ ಮನೆಗಳೂ ಈ ಲೆಕ್ಕದಲ್ಲಿ ತೊಂದ್ರೆ ಇಲ್ಲದ ಮನೆಗಳೇ. ಆರೋಗ್ಯ ಕಾನೂನಿನ 1557ನೇ ಸೆಕ್ಷನ್ ಅಡಿಯ ನಿಯಮಗಳು ತುರ್ತು ಸಂದರ್ಭ ಬಿಟ್ಟು ಮಕ್ಕಳನ್ನ ದುಭಾಷಿ ಮಾಡ್ಕೋಬಾರ್ದು ಅಂತ ಹೇಳುತ್ತೆ, ಆದ್ರೆ ಹಳ್ಳಿ ಕಡೆ ನಡೆಯೋದು ಬೇರೆ. ಹಾಗಾಗಿ ಮನೆ ಲೆಕ್ಕನೂ ಜನರ ಲೆಕ್ಕನೂ ಪಕ್ಕಪಕ್ಕ ಇಟ್ಟು ನೋಡಿ. ಜನರ ಸಂಖ್ಯೆ ಜಾಸ್ತಿ ಇದ್ದು ಮನೆ ಸಂಖ್ಯೆ ಕಮ್ಮಿ ಇದ್ರೆ, ಎಷ್ಟೋ ಮನೆಗಳಲ್ಲಿ ಆ ಭಾರ ಹೊತ್ತಿರೋದು ಹರೆಯದ ಮಕ್ಕಳು ಇರಬಹುದು ಅಂತ ಅನುಮಾನ ಪಡಿ.

ನಮ್ಮ ಕನ್ನಡದ ವಿಷ್ಯ. 2016ಕ್ಕಿಂತ ಮುಂಚೆ ಉದ್ದನೆ ಟೇಬಲ್‌ನಲ್ಲೂ ತೆಲುಗು ತಮಿಳು ಮಲಯಾಳಂ ಕನ್ನಡ ಎಲ್ಲಾ ಇತರ ಏಷ್ಯನ್ ಭಾಷೆಗಳು ಅನ್ನೋದ್ರಲ್ಲೇ ಇತ್ತು. 2016ರ ಪರಿಷ್ಕರಣೆ ಆದ್ಮೇಲೆ ತೆಲುಗಿಗೆ ಒಂದು ಸಾಲು, ತಮಿಳಿಗೆ ಒಂದು ಸಾಲು, ನಮ್ಮದು ಮಲಯಾಳಂ, ಕನ್ನಡ ಅಥವಾ ಇತರ ದ್ರಾವಿಡ ಭಾಷೆಗಳು ಅಂತ ಸೇರಿ ಒಂದು ಸಾಲು. ಹೆಸರು ಬಂತಲ್ಲ ಅನ್ನೋದು ಖುಷಿ. ಆದ್ರೆ ಸಣ್ಣ ಕೌಂಟಿಗೆ ಬಂದ್ರೆ ಹನ್ನೆರಡು ಗುಂಪಿನ ಟೇಬಲ್‌ನಲ್ಲಿ ಮತ್ತೆ ಇತರ ಏಷ್ಯನ್‌ಗೇ ವಾಪಸ್, ಕರೆನ್ ಲಾವೋ ಜಪಾನೀಸ್ ತಮಿಳು ಎಲ್ಲರ ಜೊತೆ. ಬಿಡಿಬಿಡಿಯಾಗಿ ಕನ್ನಡನೇ ಬೇಕು ಅಂದ್ರೆ ಪಮ್ಸ್ ಅನ್ನೋ ಮೈಕ್ರೋಡೇಟಾ ಫೈಲ್ (ಹೆಸರು ವಿಳಾಸ ತೆಗೆದು ಒಬ್ಬೊಬ್ಬರ ಉತ್ತರನ ಬಿಡಿಯಾಗಿ ಕೊಡೋದು) ಇದೆ, ಅದ್ರಲ್ಲಿ ಕನ್ನಡಕ್ಕೆ ಸ್ವಂತ ಕೋಡ್ ಇದೆ, ಆದ್ರೆ ಅದರ ಒಂದೊಂದು ವಲಯಕ್ಕೂ ಕಮ್ಮಿ ಅಂದ್ರೆ ಒಂದು ಲಕ್ಷ ಜನ ಇರ್ಬೇಕು, ನಿಮ್ಮ ಹಳ್ಳಿ ಕೌಂಟಿ ಜೊತೆ ಅಕ್ಕಪಕ್ಕದ ಮೂರ್ನಾಲ್ಕು ಕೌಂಟಿ ಸೇರಿರುತ್ತೆ. 2015ರಲ್ಲಿ ಬ್ಯೂರೋದವರು 350ಕ್ಕೂ ಹೆಚ್ಚು ಭಾಷೆಗಳನ್ನ ಬಿಡಿಸಿ 2009ರಿಂದ 2013ರ ವಿಶೇಷ ಟೇಬಲ್ ಬಿಟ್ಟಿದ್ರು, ಹಳೇದಾದ್ರೂ ಅದನ್ನ ಇಳಿಸಿ ಇಟ್ಕೊಳ್ಳಿ.

ನಿಮ್ಮ ಮನೆಗೆ ಈ ಫಾರ್ಮ್ ಬಂದ್ರೆ ತುಂಬದೇ ಬಿಡ್ಬೇಡಿ, ಕಾನೂನಿನ ಪ್ರಕಾರ ಉತ್ತರ ಕೊಡ್ಲೇಬೇಕು, ಕೊಟ್ಟ ವಿವರನ ಟೈಟಲ್ 13 ಕಾನೂನು ಗುಟ್ಟಾಗಿ ಇಡುತ್ತೆ. ಭಾಷೆ ಅನ್ನೋ ಖಾಲಿ ಜಾಗದಲ್ಲಿ ಇಂಡಿಯನ್ ಅಂತ ಬರೆಯೋರನ್ನ ನಾನು ನೋಡಿದೀನಿ, ಅದರಿಂದ ಯಾರಿಗೂ ಪ್ರಯೋಜನ ಇಲ್ಲ. ಕನ್ನಡ ಆಡಿದ್ರೆ ಕನ್ನಡ ಅಂತ, ತುಳು ಆಡಿದ್ರೆ ತುಳು ಅಂತ, ಕೊಡವ ಆಡಿದ್ರೆ ಕೊಡವ ಅಂತ ಪೂರ್ತಿ ಬರೀರಿ. ಇಂಗ್ಲಿಷ್ ಬರುತ್ತೆ ಅನ್ನೋ ಕಾರಣಕ್ಕೆ ಮನೇಲಿ ಬೇರೆ ಭಾಷೆ ಇಲ್ಲ ಅಂತ ಟಿಕ್ ಮಾಡೋರೂ ಇದ್ದಾರೆ, ಎರಡೂ ಬೇರೆ ಪ್ರಶ್ನೆ, ಇಂಗ್ಲಿಷ್ ವೆರಿ ವೆಲ್ ಇದ್ದು ಮನೇಲಿ ಕನ್ನಡ ಆಡೋರು ಧಾರಾಳವಾಗಿ ಎರಡನ್ನೂ ಹೇಳಬಹುದು.

ನಮ್ಮ ದೇಶದ ಗಣತಿ ಜೊತೆ ಒಂದು ಹೋಲಿಕೆ ಮಾಡ್ದೇ ಇರೋಕಾಗಲ್ಲ. ಕಾಕತಾಳೀಯ ಏನಂದ್ರೆ ನಮ್ಮಲ್ಲೂ ಮಾತೃಭಾಷೆ ಟೇಬಲ್‌ನ ನಂಬರ್ ಸಿ-16. 2011ರದ್ದರಲ್ಲಿ ಕನ್ನಡ 4.37 ಕೋಟಿ, ತುಳು 18 ಲಕ್ಷ ಚಿಲ್ಲರೆ, ಕೊಡವ 1.14 ಲಕ್ಷ, ಜಿಲ್ಲೆ ತಾಲ್ಲೂಕು ಮಟ್ಟದ ತನಕ ಸಿಗುತ್ತೆ, ಆ ವಿಷಯದಲ್ಲಿ ನಮ್ಮದೇ ಮೇಲು ಅಂತೀನಿ, ಯಾಕಂದ್ರೆ ಅದು ಮನೆ ಮನೆಗೂ ಹೋಗಿ ಕೇಳಿದ್ದು, ಸ್ಯಾಂಪಲ್ ಅಲ್ಲ. ದಕ್ಷಿಣ ಕನ್ನಡದ ತಾಲ್ಲೂಕಲ್ಲಿ ತುಳು ಎಷ್ಟು ಕೊಂಕಣಿ ಎಷ್ಟು ಅಂತ ಮಾರ್ಜಿನ್ ಇಲ್ದೆ ನೋಡಬಹುದು. ಆದ್ರೆ ನಮ್ಮಲ್ಲಿ ಗೊತ್ತಿರೋ ಇನ್ನೆರಡು ಭಾಷೆ ಯಾವುದು ಅಂತ ಕೇಳ್ತಾರೆಯೇ ಹೊರತು ಎಷ್ಟು ಚೆನ್ನಾಗಿ ಬರುತ್ತೆ ಅಂತ ಕೇಳಲ್ಲ. ಕಚೇರಿ ಭಾಷೆ ಬರದ ಅಜ್ಜ ಅಜ್ಜಿಯರು ಯಾವ ತಾಲ್ಲೂಕಲ್ಲಿ ಎಷ್ಟಿದ್ದಾರೆ ಅನ್ನೋದು ಅದರಿಂದ ತಿಳಿಯಲ್ಲ. ಆ ನಾಲ್ಕು ಆಯ್ಕೆಯ ಪ್ರಶ್ನೆ ನಮ್ಮಲ್ಲೂ ಇದ್ದಿದ್ರೆ ಚೆನ್ನಾಗಿತ್ತು.

ಇಷ್ಟೆಲ್ಲಾ ನಂಬರ್ ಯಾತಕ್ಕೆ ಅಂದ್ರೆ, ಇದರ ಮೇಲೆ ನಿಜವಾದ ತೀರ್ಮಾನಗಳು ಆಗ್ತವೆ. 1975ರಲ್ಲಿ ಮತದಾನ ಹಕ್ಕಿನ ಕಾನೂನಿಗೆ 203ನೇ ಸೆಕ್ಷನ್ ಸೇರಿಸಿದ್ರು, ಇಂಗ್ಲಿಷ್ ಸರಿಯಾಗಿ ಬರದ ಮತದಾರರು ಒಂದು ಭಾಷಾ ಗುಂಪಲ್ಲಿ 5 ಪರ್ಸೆಂಟ್ ಅಥವಾ 10,000 ದಾಟಿದ್ರೆ, ಜೊತೆಗೆ ಅನಕ್ಷರತೆ ದೇಶದ ಮಟ್ಟಕ್ಕಿಂತ ಜಾಸ್ತಿ ಇದ್ರೆ ಆ ಕೌಂಟಿ ಅವರ ಭಾಷೇಲಿ ಚುನಾವಣೆ ಸಹಾಯ ಕೊಡ್ಲೇಬೇಕು. ಐದು ವರ್ಷಕ್ಕೊಮ್ಮೆ ಈ ಸರ್ವೆ ಲೆಕ್ಕದಿಂದಲೇ ಪಟ್ಟಿ ಮಾಡ್ತಾರೆ, 2021ರ ಡಿಸೆಂಬರ್ ಪಟ್ಟೀಲಿ 331 ಜಾಗ ಇತ್ತು. ನವಾಹೋ ಥರ ಬರವಣಿಗೆ ರೂಢಿ ಇಲ್ಲದಿದ್ದ ಭಾಷೆಗಳಿಗೆ ಬಾಯಿಮಾತಲ್ಲಿ ಸಹಾಯ ಕೊಟ್ರೆ ಸಾಕು. ಈ ಕಾನೂನು ಸ್ಪ್ಯಾನಿಶ್, ಏಷ್ಯನ್, ಅಮೆರಿಕದ ಮೂಲನಿವಾಸಿ, ಅಲಾಸ್ಕಾ ಮೂಲನಿವಾಸಿ ಗುಂಪುಗಳಿಗೆ ಮಾತ್ರ, ಹೋಮ್ಸ್‌ನ ಪೆನ್ಸಿಲ್ವೇನಿಯಾ ಡಚ್ ಇದ್ರಲ್ಲಿ ಬರಲ್ಲ. ಕ್ಲಿಂಟನ್ ಕಾಲದಲ್ಲಿ 2000ದಲ್ಲಿ ಬಂದಿದ್ದ 13166ನೇ ಆದೇಶ ಸರ್ಕಾರಿ ಸೇವೆಗಳಲ್ಲಿ ಭಾಷಾ ಸಹಾಯ ಕೊಡಿ ಅಂತ ಹೇಳ್ತಿತ್ತು, 2025ರ ಮಾರ್ಚ್‌ನಲ್ಲಿ ಇಂಗ್ಲಿಷನ್ನ ಅಧಿಕೃತ ಭಾಷೆ ಅಂತ ಘೋಷಿಸೋ ಆದೇಶದ ಜೊತೆ ಅದನ್ನ ರದ್ದು ಮಾಡಿದ್ರು. ಈಗ ಮೇಲಿಂದ ಹೇಳೋರು ಕಮ್ಮಿ ಆದ್ರು ಅಂದ್ಮೇಲೆ ಕೌಂಟಿ ಮಟ್ಟದಲ್ಲಿ ಕೂತು ನಮ್ಮೂರಿಗೆ ಇದು ಬೇಕು ಅಂತ ಲೆಕ್ಕ ಇಟ್ಟು ತೋರಿಸೋ ಕೆಲಸ ಇನ್ನೂ ಮುಖ್ಯ ಆಗಿದೆ, ಅದಕ್ಕೇ ಸ್ಟಾರ್ ಕಟ್ ಮಾಡಿದ್ರೂ ಈ ಸರ್ವಿಸ್‌ನ ಬಳಸಿ ಅಂತ ಒತ್ತಿ ಹೇಳ್ತೀನಿ.

ಹೊಸಬರು ಶುರು ಮಾಡೋದಾದ್ರೆ ಸಿ16001ರ ಐದು ವರ್ಷದ್ದು ತೆಗೀರಿ, ಮಾರ್ಜಿನ್ ಕಾಲಂ ಆನ್ ಮಾಡ್ಕೊಳ್ಳಿ, ಆಮೇಲೆ ಬಿ16004, ಆಮೇಲೆ ಸಿ16002. ಹೋಲಿಸೋವಾಗ ವರ್ಷಗಳು ಒಂದರ ಮೇಲೊಂದು ಬರದ ಹಾಗೆ ನೋಡ್ಕೊಳ್ಳಿ, 2013–17ನ 2018–22 ಜೊತೆ ಹೋಲಿಸಬಹುದು, 2017–21 ಜೊತೆ ಬೇಡ. ಅರ್ಥ ಆಗದೇ ಹೋದ್ರೆ ಪ್ರತಿ ರಾಜ್ಯದಲ್ಲೂ ಸ್ಟೇಟ್ ಡೇಟಾ ಸೆಂಟರ್ ಅಂತ ಇದೆ, ಸೆನ್ಸಸ್ ಬ್ಯೂರೋ ಜೊತೆ ಸೇರಿ ಕೆಲಸ ಮಾಡೋರು, ಕೌಂಟಿ ಹೆಸರು ಮತ್ತೆ ನಿಮಗೆ ಬೇಕಾಗಿರೋದು ಏನು ಅಂತ ಬರೆದು ಕೇಳಿ.